ಗಾಬರಿ ಬರೆದ ಬಿರುಕು

ಹೆದರಿಕೆ ಎಂಬುದು ಬೇರೆಯವರಿಗೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ನೆಂಟನಾದರೆ ನಮ್ಮ ಗಾಬರಿಗೆ ಅದು ಮನೆಯಳಿಯ. ಫೋನು ಬಡಿದುಕೊಂಡರೆ ಹೆದರುತ್ತಿದ್ದ, ಬಡಿದುಕೊಳ್ಳದೆ ಸುಮ್ಮನಿದ್ದರೆ ಇನ್ನೂ ಹೆದರುತ್ತಿದ್ದ. ಅಂಚೆಯವನು ಬಾಗಿಲು ತಟ್ಟಿದರೆ ಕಾಗದ ಯಾರದೆಂದು ನೋಡುವ ಮೊದಲೇ "ನಾನಲ್ಲ ಸಾರ್" ಎಂದುಬಿಡುತ್ತಿದ್ದ. ಚಿಕ್ಕಂದಿನಲ್ಲಿ ಯಾರೋ ಗಾಬರಿ ಎಂದು ಕರೆದರು. ಇಪ್ಪತ್ತೆರಡನೇ ವಯಸ್ಸಿಗೆ ಅವನೇ ಆ ಹೆಸರಿಗೆ ಓಗೊಡುವ ಹಾಗಾಗಿತ್ತು.

ಇಂಥವನ ಆಸೆಗಳಾದರೂ ಎಂಥವು! ನಾಟಕಗಳಿಗೆ ರಂಗಸಜ್ಜಿಕೆ ಮಾಡಬೇಕು. ಕೋಟೆ, ಕಾಡು, ಸೆರೆಮನೆ ಎಲ್ಲವನ್ನೂ ಹಲಗೆ, ಬಟ್ಟೆ, ಬಣ್ಣಗಳಲ್ಲೇ ಎಬ್ಬಿಸಿ ನಿಲ್ಲಿಸಬೇಕು. ಜೊತೆಗೆ ಶಾಲೆಯಲ್ಲಿ ಕಲೆಯ ಮೇಷ್ಟ್ರಾಗಬೇಕು. ಮೊದಲನೆಯದಕ್ಕೆ ಕೈ ಬೇಕು, ಅದು ಅವನಿಗಿತ್ತು. ಎರಡನೆಯದಕ್ಕೆ ಬಾಯಿ ಬೇಕು, ಅದು ಮಕ್ಕಳನ್ನು ಕಂಡೊಡನೆ ಬೀಗ ಹಾಕಿಕೊಳ್ಳುತ್ತಿತ್ತು. ಹಿಂದಿನ ತಿಂಗಳು ಕಾಲೇಜಿನ ಓದಿನ ಭಾಗವಾಗಿ ಅಭ್ಯಾಸ ಪಾಠ ಮಾಡಲೆಂದು ಒಂದು ಶಾಲೆಗೆ ಹೋದವನು ನಲವತ್ತು ಮಕ್ಕಳ ಮುಂದೆ ನಲವತ್ತು ನಿಮಿಷ ನಿಂತು "ಮಕ್ಕಳೇ" ಎಂಬ ಒಂದೇ ಒಂದು ಮಾತು ಹೇಳಿ ಬಂದಿದ್ದ. ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕಬೇಕಾಗಿದ್ದ ಕಾಲೇಜಿನ ಮೇಡಂ ಪೆನ್ನು ಮುಚ್ಚಿ ಹೇಳಿದ್ದರು:

"ಇನ್ನೊಂದೇ ಒಂದು ಅವಕಾಶ ಕೊಡ್ತೀನಿ. ಅಲ್ಲೂ ಹೀಗೆ ಕಂಬದ ಥರ ನಿಂತ್ರೆ ಈ ವರ್ಷ ಹೋಯ್ತು ಅಂತ ತಿಳ್ಕೋ."

ಆ ಇನ್ನೊಂದು ಪಾಠ ಬರುವ ಶುಕ್ರವಾರಕ್ಕಿತ್ತು.

ಗಾಬರಿ ಓದಿಗಾಗಿ ಉಳಿದುಕೊಂಡಿದ್ದದ್ದು ಸೋದರಮಾವನ ಮನೆಯಲ್ಲಿ. ನಾಲ್ಕು ಮಹಡಿಯ ಹಳೇ ಕಟ್ಟಡ, ಮೂರನೇ ಮಹಡಿಯಲ್ಲಿ ಅವರ ಮನೆ. ಮಾವ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕು. ಅಲ್ಲಿ ಮೇಲಿನವರಿಂದ ಬೈಸಿಕೊಂಡದ್ದನ್ನು ಒಂದಕ್ಷರವೂ ವ್ಯರ್ಥ ಮಾಡದೆ ಮನೆಗೆ ತಂದು ಹಂಚುತ್ತಿದ್ದ ಮನುಷ್ಯ. ಅಳಿಯ ಓದುವುದು ನಾಟಕದ ಪರದೆಯ ವಿಚಾರ ಎಂದು ನೆರೆಹೊರೆಯವರ ಹತ್ತಿರ ಹೇಳಿಕೊಳ್ಳಲು ಅವರಿಗೆ ನಾಚಿಕೆ. ಹಾಗೆಂದು ಸುಳ್ಳು ಹೇಳುವವರೂ ಅಲ್ಲ. ಆದ್ದರಿಂದ ರಂಗವಿನ್ಯಾಸ ಎಂಬುದರಲ್ಲಿ ರಂಗವನ್ನು ನುಂಗಿಕೊಂಡು "ನಮ್ಮ ಹುಡುಗ ವಿನ್ಯಾಸ ಓದ್ತಿದ್ದಾನೆ" ಎನ್ನುತ್ತಿದ್ದರು. ಕೇಳಿದವರು ತಾವಾಗಿಯೇ ಅದಕ್ಕೆ ಕಟ್ಟಡ ಸೇರಿಸಿಕೊಳ್ಳುತ್ತಿದ್ದರು. ಅದಕ್ಕೆ ಮಾವ ಜವಾಬ್ದಾರರಲ್ಲವಷ್ಟೆ!

ಆ ಭಾನುವಾರ ಊಟದ ಹೊತ್ತಿಗೆ ಮಾವ ಕೆಣಕಿದರು.

"ಬಣ್ಣ ಬಳಿಯೋದಕ್ಕೆ ಮೂರು ವರ್ಷ ಓದಬೇಕೇನೋ? ನಮ್ಮ ಆಫೀಸಿಗೆ ಬಣ್ಣ ಹೊಡೆದೋನು ಯಾವ ಕಾಲೇಜಿಗೆ ಹೋಗಿದ್ದ?"

"ಅದು ಬೇರೆ ಮಾವ. ನಾವು ಬರೆದದ್ದನ್ನ ನೋಡಿದೋರು ನಿಜ ಅಂದ್ಕೋಬೇಕು."

"ಹೂಂ, ಅಂದ್ಕೋತಾರೆ. ಜನ ಏನು ಕುರುಡರಾ?"

ಅತ್ತೆ "ಊಟದ ಹೊತ್ತಲ್ಲಿ ಬೇಡ ಬಿಡಿ" ಎಂದರು. ಗಾಬರಿ ಬಿಡಲಿಲ್ಲ. ಅಂದರೆ ಮಾತು ಬಿಟ್ಟ, ಮನಸ್ಸಿನಲ್ಲಿ ಬಿಡಲಿಲ್ಲ. ಪಾಳುಮನೆಯ ಗೋಡೆಯ ಒಂದು ಮಾದರಿ ಬರೆದು ಫೋಟೋ ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ಮಧ್ಯಾಹ್ನ ಇಡೀ ಕಟ್ಟಡ ಗೊರಕೆ ಹೊಡೆಯುತ್ತಿರುವಾಗ ಅವನು ಬಣ್ಣದ ಪುಡಿ, ಅಂಟು, ಮೂರು ಕುಂಚ ಹಿಡಿದು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಮೆಟ್ಟಿಲು ತಿರುಗುವ ಜಾಗಕ್ಕೆ ಬಂದ. ಅಲ್ಲಿ ಒಂದು ಬೋಳು ಗೋಡೆ, ಪಕ್ಕದಲ್ಲಿ ಕಿಟಕಿ. ಬರೆಯುವುದು, ಫೋಟೋ ತೆಗೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುವುದು. ಅರ್ಧ ಗಂಟೆಯ ಕೆಲಸ.

ಬಿರುಕು ಬಹಳ ಚೆನ್ನಾಗಿ ಬಂತು. ಕಿಟಕಿಯ ಕಡೆಯ ಅಂಚಿಗೆ ಕಪ್ಪು ಕೊಟ್ಟ, ಆಚೆ ಅಂಚಿಗೆ ಒಂದೆಳೆ ಬಿಳುಪು ಎಳೆದ, ನಡುವೆ ಎರಡು ಕಡೆ ಕವಲೊಡೆಸಿದ. ಹಿಂದೆ ಸರಿದು ನೋಡಿದರೆ ಬರೆದವನ ಎದೆಯೇ ಧಸಕ್ಕೆಂದಿತು. ಫೋಟೋ ತೆಗೆದು ಫೋನು ಜೇಬಿಗಿಡುವುದಕ್ಕೂ ಕೆಳಗಿನಿಂದ ಕೆಮ್ಮು ಕೇಳುವುದಕ್ಕೂ ಸರಿಹೋಯಿತು. ಗಾಬರಿ ಬಣ್ಣದ ಡಬ್ಬಿಯನ್ನು ಚೀಲಕ್ಕೆ ತುರುಕಿ ಚೀಲವನ್ನು ಬೆನ್ನ ಹಿಂದೆ ಅಡಗಿಸಿದ.

ಬಂದವರು ಎರಡನೇ ಮಹಡಿಯ ಗಣಿತದ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಲೆಕ್ಕ ಅವರನ್ನು ಬಿಟ್ಟಿರಲಿಲ್ಲ. ಗೋಡೆ ನೋಡಿದವರೇ ಕಂಬಿ ಹಿಡಿದುಕೊಂಡರು.

"ಅಯ್ಯಯ್ಯೋ! ಇದ್ಯಾವಾಗ ಬಂತು?"

"ಈಗ... ಈಗಷ್ಟೇ ಬಂತು ಸಾರ್."

ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

"ನಿನ್ನ ಕಣ್ಣೆದುರೇ ಬಂತಾ?"

"ಹೂಂ ಸಾರ್."

"ನೀನು ವಿನ್ಯಾಸ ಓದ್ತಿರೋ ಹುಡುಗ. ಮುಚ್ಚಿಡಬೇಡ, ಹೇಳು. ಅಪಾಯಾನಾ?"

"ಇಲ್ಲ ಸಾರ್, ಬರೀ ಮೇಲ್ಮೇಲೆ ಅಷ್ಟೇ."

"ಮೇಲೇನೇ ಇಷ್ಟಿದ್ರೆ ಒಳಗೆ ಇನ್ನೆಷ್ಟಿದೆಯೋ!" ಎಂದು ಮೇಷ್ಟ್ರು ಅಳತೆಪಟ್ಟಿ ತರಲು ಓಡಿದರು. ಅರ್ಧ ಗಂಟೆಯಲ್ಲಿ ಕಟ್ಟಡದವರೆಲ್ಲ ನಿದ್ದೆಗಣ್ಣಲ್ಲಿ ಮೆಟ್ಟಿಲ ಮೇಲಿದ್ದರು. ಮಾವನೂ ಬಂದರು. ಬಿರುಕು ಕಂಡು ಅವರ ಮುಖ ಸುಣ್ಣದ ಹಾಗಾಯಿತು. "ನಿಮ್ಮ ಹುಡುಗನೇ ಮೊದಲು ಕಂಡುಹಿಡಿದದ್ದು" ಎಂದು ಮೇಷ್ಟ್ರು ಹೇಳಿದಾಗ ಮಾತ್ರ ಆ ಸುಣ್ಣದ ಮೇಲೂ ಒಂದು ಬಗೆಯ ಹೆಮ್ಮೆ ಹಾದುಹೋಯಿತು.

ಬಾಯಿಬಿಡುವುದಕ್ಕೆ ಆಗಲೇ ಸರಿಯಾದ ಹೊತ್ತು. ಆದರೆ ಮಾವನ ಕೈ ಅವನ ಹೆಗಲ ಮೇಲಿತ್ತು, ಮಾವನ ಕೈ ಎಷ್ಟು ಬೇಗ ಹೆಗಲಿನಿಂದ ಕೆನ್ನೆಗೆ ಬರಬಲ್ಲದೆಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಒರೆಸಿದರಾಯಿತು ಎಂದುಕೊಂಡ.

ಸೋಮವಾರ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಎದ್ದು ಒದ್ದೆ ಬಟ್ಟೆ ತಂದು ಉಜ್ಜಿದ. ಕಾಲೇಜಿನಲ್ಲಿ ಬಣ್ಣಕ್ಕೆ ಅಂಟು ಕಡಿಮೆ ಹಾಕಿ ಬೈಸಿಕೊಂಡವನು ಇಲ್ಲಿ ಎಚ್ಚರವಹಿಸಿ ಎರಡರಷ್ಟು ಹಾಕಿದ್ದ. ಬಿರುಕು ಒಂದಿಷ್ಟೂ ಜಗ್ಗಲಿಲ್ಲ. ಬದಲಿಗೆ ಅದರ ಬುಡದಿಂದ ಕಂದು ನೀರು ಇಳಿದು ಗೋಡೆಯ ಮೇಲೆ ಒಂದು ಗೇಣು ಹರಿದು ನಿಂತಿತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂದ ಹಾಗೆ!

"ನೀರು ಒಸರ್ತಿದೆ!" ಎಂದು ಎಂಟು ಗಂಟೆಗೆ ಮೇಷ್ಟ್ರು ಕೂಗಿದರು. "ನಿನ್ನೆ ಅರವತ್ತೆರಡು ಸೆಂಟಿಮೀಟರು, ಇವತ್ತು ಎಂಬತ್ತು!"

ಮಂಗಳವಾರ ಗಾಬರಿ ಇನ್ನೊಂದು ಉಪಾಯ ಮಾಡಿದ. ಗೋಡೆಯದೇ ಬಣ್ಣ ಕಲೆಸಿ ಬಿರುಕನ್ನು ಮುಚ್ಚಿಬಿಡಲು ಹೊರಟ. ಹಸಿಯಿರುವಾಗ ಕೂಡಿಕೊಂಡ ಬಣ್ಣ ಒಣಗಿದಾಗ ಬೆಳ್ಳಗಾಯಿತು. ಕಾಲು ಭಾಗ ಮುಚ್ಚುವಷ್ಟರಲ್ಲಿ ಮೇಲೆ ಬಾಗಿಲು ತೆರೆದ ಸದ್ದಾಗಿ ಓಡಿಹೋದ. ಈಗ ಬಿರುಕಿನ ಸುತ್ತ ಗೋಡೆಗೆ ತೊನ್ನು ಹತ್ತಿದಂತಿತ್ತು. ಗಾರೆ ಉಬ್ಬಿಕೊಂಡು ಬರುತ್ತಿದೆ ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಮೇಷ್ಟ್ರು ಗೆರೆಹಾಳೆಯಲ್ಲಿ ನಕ್ಷೆ ಎಳೆದು, ಇದೇ ವೇಗದಲ್ಲಿ ಬೆಳೆದರೆ ಶುಕ್ರವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಿರುಕು ನೆಲ ಮುಟ್ಟುವುದೆಂದು ತೋರಿಸಿದರು. ಕಟ್ಟಡದಲ್ಲಿ ಯಾರೂ ಜೋರಾಗಿ ಬಾಗಿಲು ಹಾಕದಂತಾಯಿತು. ಸೀನು ಬಂದರೆ ಹೊರಗೆ ಹೋಗಿ ಸೀನಿ ಬರುತ್ತಿದ್ದರು. ಮಾವ ಮನೆಯಲ್ಲಿ ಕೂಗುವುದನ್ನು ನಿಲ್ಲಿಸಿ ಪಿಸುಮಾತಿನಲ್ಲಿ ಬೈಯತೊಡಗಿದರು. ಮದುವೆಯಾದ ಮೇಲೆ ಇಷ್ಟು ನೆಮ್ಮದಿಯ ವಾರ ತಾನು ಕಂಡಿರಲಿಲ್ಲ ಎಂದು ಅತ್ತೆ ಆಮೇಲೆ ಹೇಳಿದ್ದುಂಟು.

"ಮಾವ, ನಿಮಗೊಂದು ವಿಷಯ ಹೇಳಬೇಕು. ಆ ಬಿರುಕು..."

"ಗೊತ್ತು ಕಣೋ" ಎಂದು ಮಾವ ಪಿಸುಗುಟ್ಟಿದರು. "ನೀನು ಓದಿದೋನು, ನಿನಗೆ ನಮಗಿಂತ ಜಾಸ್ತಿ ಕಾಣಿಸ್ತಿದೆ. ನಿಮ್ಮತ್ತೆ ಎದುರಿಗೆ ಹೇಳಬೇಡ, ಹೆದರ್ತಾಳೆ."

ಮಾಲೀಕರಿಗೆ ಸುದ್ದಿ ಹೋಯಿತು. ಅವರು ಬಂದು ಎದುರಿನ ಕಾಲುದಾರಿಯಲ್ಲಿ ನಿಂತರು. ತಮ್ಮ ಕಟ್ಟಡದೊಳಕ್ಕೆ ಕಾಲಿಡಲೊಪ್ಪದೆ ರಸ್ತೆಯ ಆಚೆಯಿಂದಲೇ "ಏನೂ ಆಗಲ್ಲ! ಧೈರ್ಯವಾಗಿರಿ!" ಎಂದು ಕೂಗಿ ಹೇಳಿ ಹೋದರು. ಇದನ್ನು ಕೇಳಿದ ಮೇಲೆ ಉಳಿದಿದ್ದ ಧೈರ್ಯವೂ ಹೋಗಿ, ಮೇಷ್ಟ್ರು ನಗರಸಭೆಗೆ ಅರ್ಜಿ ಕೊಟ್ಟರು.

ಬುಧವಾರ ನಗರಸಭೆಯ ಇಂಜಿನಿಯರ್ ಬಂದರು. ತಲೆಗೆ ಹಳದಿ ಟೋಪಿ, ಕೈಯಲ್ಲಿ ಫೈಲು. ಎರಡನೇ ಮಹಡಿಯಲ್ಲೇ ನಿಂತು ಫೋನಿನ ಕ್ಯಾಮೆರಾವನ್ನು ದೊಡ್ಡದು ಮಾಡಿ ಬಿರುಕನ್ನು ನೋಡಿದರು.

"ಹತ್ತಿರ ಬಂದು ನೋಡಿ ಸಾರ್" ಎಂದ ಗಾಬರಿ. ಹತ್ತಿರ ಬಂದು ಮುಟ್ಟಿದರೆ ಸಾಕು, ಇಂಜಿನಿಯರಾದವರಿಗೆ ತಿಳಿಯದೇ ಇರುತ್ತದೆಯೇ, ತಾನು ಬಾಯಿಬಿಡುವ ಕಷ್ಟ ತಪ್ಪುತ್ತದೆ ಎಂದು ಅವನ ಆಸೆ.

"ಇಷ್ಟು ಅಪಾಯ ಇದ್ದಾಗ ಹತ್ತಿರ ಹೋಗಬಾರದು ಅಂತ ನಿಯಮ ಇದೆ. ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಹತ್ತಿರ ಹೋಗಿ ನೋಡ್ಬಹುದು. ನೀನ್ಯಾರು?"

"ವಿನ್ಯಾಸ ಓದ್ತಿರೋನು" ಎಂದು ಮಾವ, ಮೇಷ್ಟ್ರು ಒಟ್ಟಿಗೆ ಹೇಳಿದರು.

"ಹಾಗೋ! ಆಳ ಎಷ್ಟಿದೆ ಹೇಳಪ್ಪ."

"ಆಳ ಇಲ್ಲ ಸಾರ್."

"ಇಲ್ಲ ಅಂದ್ರೆ? ಅಳೆಯೋಕಾಗಲಿಲ್ವಾ?"

"ಹಾಗಲ್ಲ ಸಾರ್, ಅದಕ್ಕೆ ಆಳ ಅನ್ನೋದೇ ಇಲ್ಲ..."

"ತಳವೇ ಇಲ್ಲ!" ಇಂಜಿನಿಯರ್ ಎರಡು ಮೆಟ್ಟಿಲು ಕೆಳಗಿಳಿದು ಬರೆದುಕೊಂಡರು: ಸ್ಥಳೀಯ ತಜ್ಞರ ಪ್ರಕಾರ ಬಿರುಕಿನ ಆಳ ಅಳತೆಗೆ ಸಿಗದು. "ತಜ್ಞರ ಸಹಿ ಹಾಕಪ್ಪ ಇಲ್ಲಿ. ಇನ್ನೊಂದು ಮಾತು. ಯಾರಾದ್ರೂ ಬೇಕಂತಲೇ ಗೋಡೆಗೆ ಏನಾದ್ರೂ ಮಾಡಿದಾರೆ ಅಂತ ಗೊತ್ತಾದ್ರೆ ನೇರ ಪೊಲೀಸ್ ಕೇಸು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಾಬರಿ ತನ್ನ ಉಗುರುಗಳನ್ನು ನೋಡಿಕೊಂಡ. ಅವುಗಳಲ್ಲಿ ಕಂದು ಬಣ್ಣ ಇನ್ನೂ ಇತ್ತು. ಕೈ ಮುಷ್ಟಿ ಮಾಡಿಕೊಂಡೇ ಸಹಿ ಹಾಕಿದ. ಹೀಗೆ ತಾನೇ ಬರೆದ ಬಿರುಕಿಗೆ ಅವನು ತಾನೇ ಸಾಕ್ಷಿಯಾದ. ಗುರುವಾರ ಮಧ್ಯಾಹ್ನದೊಳಗೆ ಕಟ್ಟಡ ಖಾಲಿ ಮಾಡಬೇಕೆಂಬ ನೋಟಿಸು ಬಾಗಿಲಿಗೆ ಬಿತ್ತು.

ಗುರುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಹಾಸಿಗೆ, ಪಾತ್ರೆ, ಕಪಾಟು, ಅಳುವ ಮಕ್ಕಳು. ಎಲ್ಲರೂ ಬಿರುಕಿನ ಗೋಡೆಯನ್ನು ಬಿಟ್ಟು ಕಂಬಿಗೆ ಹಲ್ಲಿಯಂತೆ ಅಂಟಿಕೊಂಡು ಇಳಿಯುತ್ತಿದ್ದರು. ಮಾವ ಟೀವಿ ಅಪ್ಪಿಕೊಂಡು ಎಲ್ಲರಿಗಿಂತ ಮೊದಲು ರಸ್ತೆ ಸೇರಿ, ಅಲ್ಲಿಂದ "ಏ, ನೀನೂ ಬಾರೇ!" ಎಂದು ಅತ್ತೆಯನ್ನು ಕರೆದರು. ಅತ್ತೆ ಆ ಕೂಗನ್ನು ಬಹುಕಾಲ ಮರೆಯಲಿಲ್ಲ, ಮಾವನಿಗೂ ಮರೆಯಗೊಡಲಿಲ್ಲ.

ಉಳಿದದ್ದು ನಾಲ್ಕನೇ ಮಹಡಿಯ ಅಜ್ಜಿ. ಮಂಡಿನೋವಿನಿಂದ ಆರು ವರ್ಷ ಮೆಟ್ಟಿಲು ಇಳಿಯದಿದ್ದ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡರು. ಕುರ್ಚಿಯ ಒಂದು ಕಾಲು ಗಾಬರಿಯ ಪಾಲಿಗೆ ಬಂತು. ಅಜ್ಜಿಯ ಮಗಳು ಔಷಧದ ಚೀಲ ಹಿಡಿದು ಹಿಂದೆ ಬರುತ್ತಿದ್ದಳು.

"ಎಲ್ಲಿಗೆ ಕರ್ಕೊಂಡು ಹೋಗ್ತಿದೀರ ನನ್ನ?" ಎಂದರು ಅಜ್ಜಿ.

"ಸದ್ಯಕ್ಕೆ ರಸ್ತೆಗೆ ಅಮ್ಮ. ಆಮೇಲೆ ನೋಡೋಣ" ಎಂದಳು ಮಗಳು.

ಮೂರನೇ ಮಹಡಿ ದಾಟುವಷ್ಟರಲ್ಲಿ ಅಜ್ಜಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ತುಟಿ ಬಿಳಿಚಿತು. "ಇಳಿಸ್ರೋ, ಇಳಿಸ್ರೋ... ಆಗಲ್ಲ" ಎಂದು ಕೈ ಬೀಸಿದರು.

"ಇಲ್ಲಿ ಬೇಡ! ಬಿರುಕಿದೆ! ನಡೀರಿ ನಡೀರಿ!" ಎಂದು ಖಾಲಿ ಮಾಡಿಸಲು ಬಂದಿದ್ದ ಇಂಜಿನಿಯರ್ ಕೆಳಗಿನಿಂದ ಅರಚಿದರು. ಹೊತ್ತವರು ಹೆದರಿ ಕುರ್ಚಿಯನ್ನು ಜಗ್ಗಿದರು. ಅಜ್ಜಿ ಒಂದು ಕಡೆಗೆ ವಾಲಿದರು. ಮಗಳು ಕಿರುಚಿದಳು.

ಅಷ್ಟು ದಿನ ಗಾಬರಿ ಹೆದರಿದ್ದೆಲ್ಲ ತನಗಾಗಿ. ಈಗ ಅಜ್ಜಿಯ ಮುಖ ನೋಡಿ ಹುಟ್ಟಿದ ಹೆದರಿಕೆಯ ಮುಂದೆ ಮಾವ, ಮಾಲೀಕರು, ಪೊಲೀಸರು ಎಲ್ಲರೂ ಇರುವೆಗಳಂತಾದರು.

"ಇಳಿಸಿ! ಇಲ್ಲೇ ಇಳಿಸಿ!" ಎಂದು ಕೂಗಿದ. ಅವನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು. "ಏನೂ ಆಗಲ್ಲ! ಅದು ಬಿರುಕಲ್ಲ, ಬಣ್ಣ! ನಾನೇ ಬರೆದದ್ದು!"

ಕುರ್ಚಿ ನೆಲಕ್ಕೆ ಕೂತಿತು. ಮಗಳು ಅಮ್ಮನಿಗೆ ನೀರು ಕುಡಿಸಿದಳು.

"ಪಾಪ, ತಲೆ ಕೆಟ್ಟಿದೆ" ಎಂದರು ಮೇಷ್ಟ್ರು ಮೆಲ್ಲಗೆ. "ಮೊದಲು ಕಂಡೋನಲ್ವಾ, ಆಘಾತ ಜಾಸ್ತಿ."

"ಬಣ್ಣ ಅನ್ನೋದಕ್ಕೆ ಪ್ರಮಾಣಪತ್ರ ಇದೆಯಾ?" ಎಂದು ಇಂಜಿನಿಯರ್ ಕೇಳಿದರು. "ಬಿರುಕು ಅನ್ನೋದಕ್ಕೆ ನನ್ನ ಹತ್ತಿರ ಇದೆ. ನೀನೇ ಸಹಿ ಹಾಕಿದೀಯ."

ಗಾಬರಿ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಅರ್ಧ ಜನ ಕಣ್ಣು ಮುಚ್ಚಿದರು. ಗೋಡೆ ಬೀಳಲಿಲ್ಲ.

ಅಜ್ಜಿಗೆ ಅಷ್ಟರಲ್ಲಿ ಉಸಿರು ತಿರುಗಿತ್ತು. "ನೀನು ಬರೆದಿದ್ದೇ ಆದ್ರೆ ಇನ್ನೊಂದು ಬರೆದು ತೋರ್ಸು ಮಗು. ಹೇಗೂ ಆರು ವರ್ಷದಿಂದ ನಾನು ಏನೂ ನೋಡಿಲ್ಲ" ಎಂದರು.

ಚೀಲ ತಂದ. ಇಷ್ಟರಲ್ಲಿ ಮಾವನೂ ಟೀವಿಯ ಸಮೇತ ಮೇಲೆ ಬಂದಿದ್ದರು. ಜನ ಮೇಲಿನ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತರು. ಕಾಲು ಸೋತಿದ್ದರಿಂದ ಕೂತರೇ ಹೊರತು ನೋಡುವ ಆಸೆಯಿಂದಲ್ಲ. ಗಾಬರಿ ಕುಂಚ ಎತ್ತಿದ. ಕೈ ಗಡಗಡ ನಡುಗಿತು.

"ಕೈ ನಡುಗ್ತಿದೆಯಲ್ಲೋ" ಎಂದರು ಅಜ್ಜಿ.

"ನಡುಗಬೇಕು ಅಜ್ಜಿ. ನೆಟ್ಟಗೆ ಎಳೆದ್ರೆ ಗೆರೆ ಆಗುತ್ತೆ. ಗೋಡೆ ಯೋಚನೆ ಮಾಡಿ ಬಿರಿಯಲ್ಲ. ಕೈ ಎಲ್ಲಿ ಹೆದರುತ್ತೋ ಅಲ್ಲಿ ತಿರುಗಬೇಕು, ನೋಡಿ, ಹೀಗೆ." ಹಳೆಯ ಬಿರುಕಿನ ಪಕ್ಕದಲ್ಲಿ ಹೊಸದೊಂದು ಇಳಿಯತೊಡಗಿತು. "ಇಷ್ಟಾದ್ರೆ ಇದು ಬರೀ ಕಲೆ. ಈಗ ಬೆಳಕು ಯಾವ ಕಡೆಯಿಂದ ಬರ್ತಿದೆ ಹೇಳಿ?"

ಮೇಷ್ಟ್ರು ಶಾಲೆಯ ಹುಡುಗನ ಹಾಗೆ ಕೈಯೆತ್ತಿ "ಕಿಟಕಿಯಿಂದ" ಎಂದರು.

"ಸರಿ. ಹಾಗಾದ್ರೆ ಕಿಟಕಿ ಕಡೆ ಅಂಚಲ್ಲಿ ನೆರಳು, ಆಚೆ ಅಂಚಲ್ಲಿ ಬೆಳಕು." ಕಪ್ಪು ಎಳೆದ, ಬಿಳುಪು ಎಳೆದ. ಗೋಡೆ ಕಣ್ಣೆದುರಿಗೇ ಬಾಯಿಬಿಟ್ಟಿತು. ಮೆಟ್ಟಿಲ ಮೇಲಿದ್ದವರೆಲ್ಲ ಗೊತ್ತಿದ್ದೂ ಗೊತ್ತಿದ್ದೂ ಒಂದೊಂದು ಮೆಟ್ಟಿಲು ಹಿಂದಕ್ಕೆ ಸರಿದರು. "ಇನ್ನೂ ನಂಬಿಕೆ ಬರದಿದ್ರೆ ಕಿಟಕಿ ಮುಚ್ಚಿ, ಈ ಕಡೆ ದೀಪ ಹಾಕಿ. ನಿಜವಾದ ಬಿರುಕಾದ್ರೆ ನೆರಳು ಪಕ್ಕ ಬದಲಾಯಿಸಬೇಕು."

ಅತ್ತೆ ಕಿಟಕಿ ಮುಚ್ಚಿ ದೀಪ ಹಾಕಿದರು. ಎರಡೂ ಬಿರುಕುಗಳ ನೆರಳು ಇದ್ದಲ್ಲೇ ಇತ್ತು.

ಮೇಷ್ಟ್ರು ಜೇಬಿನಿಂದ ನಕ್ಷೆ ತೆಗೆದು ಬಹಳ ಹೊತ್ತು ನೋಡಿ "ಲೆಕ್ಕ ಸರಿಯಾಗೇ ಇತ್ತು" ಎಂದು ದುಃಖದಿಂದ ಮಡಚಿದರು. ಇಂಜಿನಿಯರ್ ಮೊಟ್ಟಮೊದಲ ಬಾರಿಗೆ ಮೇಲೆ ಬಂದು ಒಂದೇ ಬೆರಳಿನಿಂದ ಗೋಡೆ ಮುಟ್ಟಿದರು. ಬೆರಳಿಗೆ ಹಸಿ ಬಣ್ಣ ಹತ್ತಿತು. ಅವರ ಮುಖದಲ್ಲಿ ಈಗ ಕಂಡ ಭಯ ಮಾತ್ರ ನಿಜವಾದ ಭಯ.

"ಸಾರ್... ಪೊಲೀಸ್ ಕೇಸು?" ಎಂದ ಗಾಬರಿ.

"ಯಾವ ಕೇಸಯ್ಯಾ? ಬಣ್ಣಕ್ಕೆ ಹೆದರಿ ಕಟ್ಟಡ ಖಾಲಿ ಮಾಡಿಸಿದೆ ಅಂತ ನಾನೇ ಬರ್ಕೊಡ್ಲಾ? ನಿನ್ನ ಕೇಸಿಗಿಂತ ನನ್ನ ಕೇಸು ದೊಡ್ಡದಾಗುತ್ತೆ." ಹಾಗೆಂದು ನೋಟಿಸಿನ ಕೆಳಗೆ ಬರೆದರು: ತಜ್ಞರ ಸಮ್ಮುಖದಲ್ಲಿ ಬಿರುಕನ್ನು ಪೂರ್ತಿ ನಿವಾರಿಸಲಾಗಿದೆ. "ಸಂಜೆಯೊಳಗೆ ಅಳಿಸು. ಎರಡನ್ನೂ."

ಆಮೇಲೆ ಎಲ್ಲರೂ ಒಟ್ಟಿಗೆ ಬೈದರು. ಹಾಸಿಗೆ ಮೇಲಕ್ಕೆ ಸಾಗಿಸುವಾಗ ಬೈದರು, ಕಪಾಟು ಸಾಗಿಸುವಾಗ ಇನ್ನೂ ಜೋರಾಗಿ ಬೈದರು. ಮಾಲೀಕರು ಧೈರ್ಯವಾಗಿ ಒಳಕ್ಕೇ ಬಂದು ಬೈದು, ರಜೆಯಲ್ಲಿ ಇಡೀ ಮೆಟ್ಟಿಲ ಗೋಡೆಗೆ ಅವನೇ ಬಣ್ಣ ಹೊಡೆಯಬೇಕೆಂದು ತೀರ್ಪು ಕೊಟ್ಟರು. ಅಜ್ಜಿಯ ಮಗಳು ಮಾತ್ರ ಬೈಯದೆ ಅವನನ್ನು ಒಮ್ಮೆ ನೋಡಿದಳು. ಆ ನೋಟ ಎಲ್ಲ ಬೈಗಳಿಗಿಂತ ಆಳಕ್ಕೆ ಇಳಿಯಿತು. ಅವನು ಹೋಗಿ ಅಜ್ಜಿಯ ಕಾಲು ಹಿಡಿದ.

"ಏಳೋ, ಸಾಕು. ಉಸಿರು ಹೋಗಿತ್ತು, ಬಂತು" ಎಂದರು ಅಜ್ಜಿ. "ಈಗ ನನ್ನನ್ನ ಮೇಲಕ್ಕೆ ಹೊತ್ಕೊಂಡು ಹೋಗು. ಮಧ್ಯ ಎಲ್ಲೂ ಸುಳ್ಳು ಹೇಳ್ಬೇಡ."

ಮಾವ ನೆರೆಹೊರೆಯವರ ಕಣ್ಣು ತಪ್ಪಿಸಿ ಟೀವಿ ಹೊತ್ತು ಮನೆ ಸೇರಿಕೊಂಡರು. ಯಾವ ವಿನ್ಯಾಸವೆಂದು ಇಡೀ ಕಟ್ಟಡಕ್ಕೆ ಗೊತ್ತಾಗಿಹೋಗಿತ್ತು. ಗಾಬರಿ ಬಿಸಿನೀರು ಸುರಿದು ಕೈ ಸಿಪ್ಪೆ ಏಳುವವರೆಗೆ ಗೋಡೆ ಉಜ್ಜಿದ. ಕತ್ತಲಾಗುವ ಮೊದಲು ಗೋಡೆ ಬೋಳಾಯಿತು.

ಶುಕ್ರವಾರ ನಲವತ್ತು ಮಕ್ಕಳ ಮುಂದೆ ನಿಂತಾಗ ನಾಲಿಗೆ ಮತ್ತೆ ಒಣಗಿತು. ಮಕ್ಕಳು ಕಾದರು. ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ನಲವತ್ತು ಜೊತೆ ಕಣ್ಣುಗಳ ಪೈಕಿ ಒಂದೂ ತನ್ನನ್ನು ಕೊಲ್ಲಬೇಕೆಂದು ನೋಡುತ್ತಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ನಿನ್ನೆಯವು ಹಾಗಿರಲಿಲ್ಲ.

"ಮಕ್ಕಳೇ" ಎಂದ. ಆಮೇಲೆ ಕಿಟಕಿಯತ್ತ ಕೈ ತೋರಿಸಿದ. "ಬೆಳಕು ಯಾವ ಕಡೆಯಿಂದ ಬರ್ತಿದೆ?"

ನಲವತ್ತು ಕೈಗಳು ಮೇಲೆದ್ದವು. ಆಮೇಲೆ ನಲವತ್ತು ನಿಮಿಷ ಕಳೆದದ್ದೂ ಗಂಟೆ ಬಾರಿಸಿದ್ದೂ ಯಾರಿಗೂ ತಿಳಿಯಲಿಲ್ಲ. ಮೇಡಂ ಹಾಳೆಯಲ್ಲಿ ಬರೆದದ್ದು ಇಷ್ಟೇ: "ಕಾಲು ಕೊನೆಯವರೆಗೂ ನಡುಗುತ್ತಿತ್ತು. ಪಾಠ ನಡುಗಲಿಲ್ಲ. ತೇರ್ಗಡೆ."

ಸಂಜೆ ಆ ಹಾಳೆ ಹಿಡಿದು ಬರುವಾಗ ಕಟ್ಟಡದ ಬಾಗಿಲಲ್ಲಿ ಮಾವ ಎದುರಾದರು. ಹಾಳೆಯನ್ನು ಇಸಿದುಕೊಂಡು ಓದಿದರು, ಮಡಚಿ ವಾಪಸು ಕೊಟ್ಟರು. ಮೆಟ್ಟಿಲು ಹತ್ತತೊಡಗಿದರು. ಗಾಬರಿ ಹಿಂಬಾಲಿಸಿದ. ಮೆಟ್ಟಿಲು ತಿರುಗುವ ಜಾಗ ಬಂದಾಗ ಮಾವ ಗೋಡೆಯಿಂದ ದೂರ ಸರಿದು, ಹೊಟ್ಟೆ ಒಳಕ್ಕೆಳೆದುಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆಯಿಟ್ಟು ದಾಟಿದರು.

"ಮಾವ, ಅಲ್ಲೇನೂ ಇಲ್ಲ."

"ಗೊತ್ತು ಕಣೋ."

"ಮತ್ತೆ ಯಾಕೆ ಆ ಕಡೆಯಿಂದ ಹೋಗ್ತೀರಿ?"

ಮಾವ ಮೇಲಿನ ಮೆಟ್ಟಿಲಲ್ಲಿ ನಿಂತು ಉಸಿರು ಬಿಟ್ಟರು. "ಮೂರು ವರ್ಷ ಓದಿದ್ದು ದಂಡ ಆಗಿಲ್ಲ ಬಿಡು" ಎಂದರು. ಆಮೇಲೆ ದನಿ ತಗ್ಗಿಸಿ, "ನೀನೂ ಈ ಕಡೆಯಿಂದಲೇ ಬಾ. ಹೇಳೋಕಾಗಲ್ಲ."

ಗಾಬರಿ ಗೋಡೆಯನ್ನು ನೋಡಿದ. ತಾನೇ ಬರೆದು ತಾನೇ ಅಳಿಸಿದ ಬೋಳು ಗೋಡೆ. ಒಂದು ಕ್ಷಣ ಯೋಚಿಸಿ, ಕಂಬಿ ಹಿಡಿದುಕೊಂಡು ಮಾವನ ಹಿಂದೆ ಅಡ್ಡಡ್ಡ ಹೆಜ್ಜೆಯಿಟ್ಟು ಮೇಲೆ ಹತ್ತಿದ.